ಬೆಂಗ್ರೆಯ ಮರಡೋನಾ ಕ್ಯಾಸೆಟ್: ಬೂಷ್ಟು ಬಿಡಿಸಿ, ವಿಸಿಆರ್ ಎಬ್ಬಿಸಿ, ಫೈಲ್ ಮಾಡಿದ ಬಗೆ

ಮಂಗಳೂರಿನ ಕಸಬಾ ಬೆಂಗ್ರೆಯ ನಮ್ಮ ಫುಟ್ಬಾಲ್ ಸಂಘದ ಕಪಾಟಿನಲ್ಲಿದ್ದ ವಿಎಚ್‌ಎಸ್ ಕ್ಯಾಸೆಟ್ಟೊಂದನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ಅಂತೂ ಮುಗಿಯಿತು. ಅದರಲ್ಲಿರುವುದು 1986ರ ಜೂನ್ 22ರಂದು ಮೆಕ್ಸಿಕೊ ಸಿಟಿಯ ಅಜ್ಟೆಕಾ ಕ್ರೀಡಾಂಗಣದಲ್ಲಿ ನಡೆದ ಅರ್ಜೆಂಟೀನಾ–ಇಂಗ್ಲೆಂಡ್ ವಿಶ್ವಕಪ್ ಕ್ವಾರ್ಟರ್ ಫೈನಲ್. ಆಗ ದುಬೈಯಲ್ಲಿದ್ದ ನಮ್ಮೂರಿನ ಕಾಕ ಒಬ್ಬರು ಅಲ್ಲಿಯ ಟಿ.ವಿ.ಯಿಂದ ರೆಕಾರ್ಡ್ ಮಾಡಿಕೊಂಡು, ರಜೆಗೆ ಬರುವಾಗ ವಿಸಿಆರ್ (ವಿಡಿಯೊ ಕ್ಯಾಸೆಟ್ ಓಡಿಸುವ ಯಂತ್ರ) ಸಮೇತ ಹೊತ್ತು ತಂದದ್ದು. ಮೆಕ್ಸಿಕೊದಲ್ಲಿ ನಡುಮಧ್ಯಾಹ್ನ ಶುರುವಾದ ಆಟ ದುಬೈಯಲ್ಲಿ ರಾತ್ರಿ ಹತ್ತಕ್ಕೆ, ನಮ್ಮಲ್ಲಿ ಹನ್ನೊಂದೂವರೆಗೆ.

ಇದೇ ಪಂದ್ಯ ಇಂಟರ್‌ನೆಟ್ಟಿನಲ್ಲಿ ಸ್ವಚ್ಛವಾಗಿ ಸಿಗುವಾಗ ಈ ಪಾಡೇಕೆ ಎಂದು ಕೇಳಿದವರಿಗೆ ಲೆಕ್ಕವಿಲ್ಲ. ಬೆಂಗ್ರೆಯ ಎರಡು ತಲೆಮಾರು ಅರ್ಜೆಂಟೀನಾದ ಆಟಗಾರ ಮರಡೋನಾನನ್ನು ಕಂಡದ್ದು ಈ ಟೇಪಿನಲ್ಲಿ, ಅರಬ್ಬಿ ಕಾಮೆಂಟರಿಯಲ್ಲಿ. ಸ್ವಚ್ಛವಾದದ್ದನ್ನು ಹಾಕಿ ತೋರಿಸಿದೆವು. ಹಿರಿಯರು ಐದು ನಿಮಿಷ ನೋಡಿ ‘ಇದು ಅದಲ್ಲ’ ಎಂದು ಎದ್ದು ಹೋದರು. 2020ರ ನವೆಂಬರ್ 25ರಂದು ಮರಡೋನಾ ತೀರಿಕೊಂಡ ಸುದ್ದಿ ಬಂದ ರಾತ್ರಿ ಯಾರೋ ಈ ಕ್ಯಾಸೆಟ್ಟನ್ನು ವಿಸಿಆರಿಗೆ ತುರುಕಿದ್ದರು. ಯಂತ್ರ ಟೇಪನ್ನು ಎಳೆದುಕೊಂಡು, ಕಚ್ಚಿ, ನಿಂತುಬಿಟ್ಟಿತು. ಅಲ್ಲಿಗೆ ಕ್ಯಾಸೆಟ್ ಮತ್ತೆ ಕಪಾಟು ಸೇರಿತ್ತು. ಬರುವ ಜೂನ್ 22ಕ್ಕೆ ಆ ಆಟಕ್ಕೆ 40 ವರ್ಷ. 2026ರ ವಿಶ್ವಕಪ್ ಆರಂಭವಾಗುವುದೂ ಅದೇ ಅಜ್ಟೆಕಾದಲ್ಲಿ, ಜೂನ್ 11ಕ್ಕೆ. ಮಳೆ ಹಿಡಿಯುವ ಮೊದಲೇ ಮುಗಿಸಬೇಕೆಂದು ಮಾರ್ಚಿನಲ್ಲಿ ಕೈ ಹಾಕಿದೆವು.

ಹಂತ 1: ಕ್ಯಾಸೆಟ್ಟಿನ ಸ್ಥಿತಿ

ಟಾರ್ಚ್ ಹಿಡಿದು ಕ್ಯಾಸೆಟ್ಟಿನ ಕಿಟಕಿಯೊಳಗೆ ನೋಡಿದರೆ ಸುತ್ತಿದ ಟೇಪಿನ ಅಂಚಿನುದ್ದಕ್ಕೂ ಬಿಳಿ ಚುಕ್ಕೆ, ಒಂದು ಮಗ್ಗುಲಲ್ಲಿ ದಪ್ಪ ಹುಡಿ. ಒಂದು ಕಡೆ ಕಡಲು, ಇನ್ನೊಂದು ಕಡೆ ನದಿ ಇರುವ ಮರಳಿನ ಪಟ್ಟಿಯಲ್ಲಿ ಇಷ್ಟು ಮಳೆಗಾಲ ಕಳೆದ ಮೇಲೆ ಬೂಷ್ಟು ಹಿಡಿಯದಿದ್ದರೆ ಆಶ್ಚರ್ಯಪಡಬೇಕಿತ್ತು.

ಬೂಷ್ಟು ಹಿಡಿದ ಟೇಪನ್ನು ಯಂತ್ರಕ್ಕೆ ಹಾಕಲೇಬಾರದು. ಹುಡಿ ಟೇಪನ್ನು ಓದುವ ಹೆಡ್ಡಿಗೆ ಮೆತ್ತಿಕೊಂಡು ಮುಂದೆ ಹಾಕುವ ಟೇಪುಗಳಿಗೂ ದಾಟುತ್ತದೆ. ಮನುಷ್ಯರ ಶ್ವಾಸಕೋಶಕ್ಕೂ ಅದು ಒಳ್ಳೆಯದಲ್ಲ. ಎನ್95 ಮಾಸ್ಕ್, ಕೈಗವಸು ಹಾಕಿಕೊಂಡು ಹೊರಗಿನ ಜಗಲಿಯಲ್ಲೇ ಕೆಲಸ ಮಾಡಿದೆವು.

ಮೊದಲು ತೇವ ತೆಗೆಯಬೇಕು. ನನ್ನ ಕೈಗೆ ಬರುವ ಮುನ್ನ ಸಂಘದ ಕಾರ್ಯದರ್ಶಿ ನೀರಿಗೆ ಬಿದ್ದ ಮೊಬೈಲಿಗೆ ಮಾಡುವ ಚಿಕಿತ್ಸೆಯನ್ನೇ ಇದಕ್ಕೂ ಮಾಡಿ, ಕುಚ್ಚಲಕ್ಕಿಯ ಡಬ್ಬದಲ್ಲಿ ಹೂತಿಟ್ಟಿದ್ದರು. ತೇವ ಹೋಗಲಿಲ್ಲ, ತೌಡು ಒಳಗೆ ಹೋಯಿತು. ಮತ್ತೊಬ್ಬರು ಮೊಬೈಲಿನಲ್ಲಿ ವಿಡಿಯೊ ತೋರಿಸಿ ಓವೆನ್ನಿನಲ್ಲಿ ಬೇಯಿಸಿ ಎಂದರು. ಅದು ಅಂಟು ಬಿಡುವ ಕೆಲವು ಜಾತಿಯ ಆಡಿಯೊ ಟೇಪುಗಳಿಗೆ ಮಾಡುವ ಉಪಾಯ, ಬೂಷ್ಟಿಗೆ ಮದ್ದಲ್ಲ. ಬೇಯಿಸುವ ಸಲಹೆ ಕೊಟ್ಟವರನ್ನು ಆಮೇಲೆ ಕ್ಯಾಸೆಟ್ಟಿನ ಹತ್ತಿರ ಬಿಡಲಿಲ್ಲ.

ಸರಿಯಾದ ದಾರಿ ಸಿಲಿಕಾ ಜೆಲ್. ಗಾಳಿಯಾಡದ ದೊಡ್ಡ ಡಬ್ಬದ ತಳಕ್ಕೆ ಅರ್ಧ ಕಿಲೊ ನೀಲಿ ಹರಳು ಸುರಿದು, ಮೇಲೆ ಜಾಲರಿ ಇಟ್ಟು, ಅದರ ಮೇಲೆ ಕ್ಯಾಸೆಟ್. ಹರಳು ಗುಲಾಬಿಯಾದರೆ ತೇವ ಹೀರಿಕೊಂಡಿದೆ ಎಂದರ್ಥ. ಅಡುಗೆಗೆ ಬಳಸದ ಹಳೆಯ ಕಾವಲಿಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಹರಳು ನೀಲಿಯಾಗಿಯೇ ಉಳಿಯುವ ತನಕ ಹೀಗೆ ಬದಲಿಸುತ್ತಾ ಹೋದೆವು. ಒಣಗಿದ ಮೇಲೆ ಬಿಳಿ ಚುಕ್ಕೆಗಳು ಅಂಟು ಬಿಟ್ಟು ಹುಡಿಯಾದವು.

ಹಂತ 2: ವಿಸಿಆರ್

ಇದಕ್ಕೆ ಹೆಚ್ಚು ಸಮಯ ಹೋಯಿತು. ಕ್ಯಾಸೆಟ್ ಒಳಗೆ ಹೋಗುತ್ತದೆ, ಟೇಪು ಹೆಡ್ ಕೂತಿರುವ ಡ್ರಮ್ಮಿಗೆ ಸುತ್ತಿಕೊಳ್ಳುತ್ತದೆ, ಮೂರು ಸೆಕೆಂಡಿನಲ್ಲಿ ತಾನಾಗಿ ನಿಲ್ಲುತ್ತದೆ. ಮೇಲ್ಮುಚ್ಚಳ ತೆಗೆದು ನೋಡಿದರೆ ಬಲಗಡೆಯ ರೀಲು ತಿರುಗುತ್ತಲೇ ಇಲ್ಲ. ಟೇಪನ್ನು ಸುತ್ತಿಕೊಳ್ಳಬೇಕಾದ ರೀಲು ತಿರುಗದಿದ್ದರೆ ಯಂತ್ರ ಅಪಾಯವೆಂದು ತಿಳಿದು ನಿಂತುಬಿಡುತ್ತದೆ. ಆ ರೀಲಿಗೆ ಚಲನೆ ಕೊಡುವ ಐಡ್ಲರ್ ಚಕ್ರದ ರಬ್ಬರ್ ಗಾಜಿನಂತೆ ನುಣುಪಾಗಿ ಜಾರುತ್ತಿತ್ತು.

ರಬ್ಬರನ್ನು ಸಣ್ಣ ಮರಳು ಕಾಗದದಲ್ಲಿ ಉಜ್ಜಿದೆ. ಮರುದಿನಕ್ಕೆ ಮತ್ತೆ ಅದೇ ಕಥೆ. ಸೈಕಲ್ ಟ್ಯೂಬ್ ಕತ್ತರಿಸಿ ಬಳೆ ಮಾಡಿ ತೊಡಿಸಿದೆ. ದಪ್ಪ ಹೆಚ್ಚಾಗಿ ಚಕ್ರ ಎರಡೂ ರೀಲುಗಳಿಗೆ ಒಟ್ಟಿಗೆ ತಾಗಿತು. ಕೊನೆಗೆ ಹಳೆಯ ರಬ್ಬರನ್ನು ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆದು ಫೆರಿ ಹತ್ತಿ ಬಂದರಿಗೆ ಹೋಗಿ, ಧಕ್ಕೆಯ ಹತ್ತಿರ ಮೀನುಗಾರಿಕಾ ದೋಣಿಗಳ ಎಂಜಿನ್ ಬಿಡಿಭಾಗ ಮಾರುವ ಅಂಗಡಿಯಲ್ಲಿ ಒ-ರಿಂಗುಗಳ (ರಬ್ಬರ್ ಬಳೆಗಳ) ಡಬ್ಬ ಜಾಲಾಡಿದೆ. ಒಳ ಅಳತೆ ಹಳೆಯದಕ್ಕಿಂತ ಒಂದು ಮಿಲಿಮೀಟರ್ ಕಡಿಮೆ ಇರುವುದನ್ನು ಆರಿಸಬೇಕು, ಆಗ ಬಿಗಿಯಾಗಿ ಕೂರುತ್ತದೆ. ಹದಿನೈದು ರೂಪಾಯಿ. ಯಾವ ಎಂಜಿನಿಗೆ ಎಂದು ಅಂಗಡಿಯವರು ಕೇಳಿದರು. ವಿಸಿಆರಿಗೆ ಎಂದೆ. ಅವರು ನನ್ನನ್ನೊಮ್ಮೆ ನೋಡಿ ಚಿಲ್ಲರೆ ಕೊಟ್ಟರು.

ಕ್ಯಾಸೆಟ್ಟನ್ನು ಒಳಗೆಳೆಯುವ ಬೆಲ್ಟ್ ಸಡಿಲವಾಗಿತ್ತು. ಹಳೆಯ ರೇಡಿಯೊ ರಿಪೇರಿ ಅಂಗಡಿಯಲ್ಲಿ ಟೇಪ್ ರೆಕಾರ್ಡರಿನ ಚೌಕ ಬೆಲ್ಟೊಂದು ಹೊಂದಿತು. ಪವರ್ ಸಪ್ಲೈಯಿಂದ ಗುಂಯ್ ಎನ್ನುವ ಸದ್ದು ಬರುತ್ತಿತ್ತು. ಉಬ್ಬಿದ ನಾಲ್ಕು ಕ್ಯಾಪಾಸಿಟರ್ ಕಿತ್ತು ಹೊಸದನ್ನು ಬೆಸೆದೆ. ಇದನ್ನು ಮಾಡುವವರು ಗಮನಿಸಿ: ಪ್ಲಗ್ ತೆಗೆದ ಮೇಲೂ ದೊಡ್ಡ ಕ್ಯಾಪಾಸಿಟರಿನಲ್ಲಿ ಹೊಡೆಯುವಷ್ಟು ವಿದ್ಯುತ್ ಉಳಿದಿರುತ್ತದೆ. ಅಭ್ಯಾಸವಿಲ್ಲದಿದ್ದರೆ ಆ ಭಾಗವನ್ನು ಬಲ್ಲವರಿಗೆ ಕೊಡಿ.

ಹೆಡ್ ಸ್ವಚ್ಛ ಮಾಡುವುದು ಹೀಗೆ: ಸಾದಾ ಬಿಳಿ ಕಾಗದದ ತುಂಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿ, ಡ್ರಮ್ಮಿನ ಪಕ್ಕಕ್ಕೆ ಮೆಲ್ಲಗೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಡ್ರಮ್ಮನ್ನು ತಿರುಗಿಸಬೇಕು. ಕಾಗದ ಅಲುಗಬಾರದು. ಮೇಲೆ ಕೆಳಗೆ ಉಜ್ಜಿದರೆ ಕೂದಲೆಳೆಯಷ್ಟಿರುವ ಹೆಡ್ ಮುರಿಯುತ್ತದೆ, ಅಲ್ಲಿಗೆ ವಿಸಿಆರ್ ಗುಜರಿಗೆ. ಹತ್ತಿ ಕಡ್ಡಿಯಂತೂ ಬೇಡವೇ ಬೇಡ, ಎಳೆ ಸಿಕ್ಕಿಕೊಳ್ಳುತ್ತದೆ.

ಪರೀಕ್ಷೆಗೆ ಗುಜರಿ ಅಂಗಡಿಯಿಂದ ತೂಕದ ಲೆಕ್ಕದಲ್ಲಿ ತಂದ ಹಳೆಯ ಕ್ಯಾಸೆಟ್ಟುಗಳು. ಅವುಗಳಲ್ಲಿ ಎರಡನ್ನು ಯಂತ್ರ ತಿಂದು ಹಾಕಿತು. ಮೂರನೆಯದು ಪೂರ್ತಿ ಓಡಿತು. ಅಲ್ಲಿಯವರೆಗೆ ಮರಡೋನಾನ ಡಬ್ಬ ತೆರೆಯಲಿಲ್ಲ.

ಹಂತ 3: ಒರೆಸುವುದು

ಕ್ಯಾಸೆಟ್ಟಿನ ಅಡಿಯಲ್ಲಿ ಐದು ಸ್ಕ್ರೂ. ಬಿಚ್ಚುವ ಮೊದಲು ಟೇಪು ಹಾದುಹೋಗುವ ದಾರಿಯ ಫೋಟೊ ತೆಗೆದುಕೊಳ್ಳಬೇಕು. ಮುಂದಿನ ಮುಚ್ಚಳದ ಸಣ್ಣ ಸ್ಪ್ರಿಂಗ್ ಹಾರಿ ಹೋಗುವ ಜಾತಿಯದು. ಪ್ಲಾಸ್ಟಿಕ್ ಚೀಲದೊಳಗೆ ಕೈ ಇಟ್ಟು ಬಿಚ್ಚಿದರೆ ಹುಡುಕಾಟ ತಪ್ಪುತ್ತದೆ. ಎರಡೂ ರೀಲುಗಳನ್ನು ಹೊರತೆಗೆದು, ಹಳೆಯ ಚಿಪ್ಪನ್ನು ಲೇಬಲ್ಲಿಗಾಗಿ ಪಕ್ಕಕ್ಕಿಟ್ಟೆವು. ಅದರ ಮೇಲೆ ಅರಬ್ಬಿ ಅಂಕಿಯಲ್ಲಿ ತಾರೀಕು, ಕೆಳಗೆ ಕನ್ನಡದಲ್ಲಿ ‘ಅಳಿಸಬಾರದು’.

ಒಂದು ಹಲಗೆಗೆ ಎರಡು ಬೋಲ್ಟ್ ಬಡಿದು ರೀಲುಗಳನ್ನು ಕೂರಿಸಿ, ಒಂದಕ್ಕೆ ಕೈಹಿಡಿ ಹಚ್ಚಿದೆ. ಒಬ್ಬರು ತಿರುಗಿಸುವುದು, ಇನ್ನೊಬ್ಬರು ಕ್ಯಾಮೆರಾ ಲೆನ್ಸ್ ಒರೆಸುವ ಬಟ್ಟೆಯನ್ನು ಮಡಚಿ ಅದರ ನಡುವೆ ಟೇಪನ್ನು ಹಾಯಿಸುವುದು. ಮೊದಲ ಸುತ್ತು ಒಣ ಬಟ್ಟೆ; ಎರಡನೆಯ ಸುತ್ತಿಗೆ ಆಲ್ಕೊಹಾಲ್ ಸೋಕಿಸಿದ ಬಟ್ಟೆ, ತೊಟ್ಟಿಕ್ಕುವಷ್ಟು ಒದ್ದೆಯಲ್ಲ. ಮೂರು ಗಂಟೆಯ ಕ್ಯಾಸೆಟ್ಟಿನಲ್ಲಿ 250 ಮೀಟರಿಗೂ ಹೆಚ್ಚು ಟೇಪು. ಅವಸರ ಮಾಡಿದರೆ ಅಂಚು ಮಡಚುತ್ತದೆ.

ಹೀಗಾಗಿ ಸರದಿ ಹಾಕಿದೆವು. ಸರದಿಯವರಿಗಿಂತ ಮಾತಾಡಲು ಬಂದವರೇ ಹೆಚ್ಚು. ನಾವೆಲ್ಲ ಗೋಲಿ ಕಾಕ ಎಂದು ಕರೆಯುವ ಹಳೆಯ ಗೋಲ್‌ಕೀಪರ್ ಬಟ್ಟೆ ಹಿಡಿದು ಕೂತರು. 2012ರ ಅಕ್ಟೋಬರಿನಲ್ಲಿ ಮರಡೋನಾ ಕಣ್ಣೂರಿಗೆ ಬಂದಾಗ ರೈಲಿನ ಜನರಲ್ ಬೋಗಿಯಲ್ಲಿ ನಿಂತುಕೊಂಡೇ ಹೋಗಿದ್ದವರು ಅವರು. ಬೆಳಗ್ಗಿನಿಂದಲೇ ಕ್ರೀಡಾಂಗಣ ತುಂಬಿತ್ತು. ಅವನು ವೇದಿಕೆಯ ಮೇಲೆ ಚೆಂಡು ಕುಣಿಸಿದ, ಹಾಡಿದ, ಜನರತ್ತ ಚೆಂಡು ಒದ್ದ.

‘ನಿಮಗೆ ಕಾಣಿಸಿತಾ ಕಾಕ?’

‘ಕಾಣಿಸಿತು. ಹೊಟ್ಟೆ ಬಂದಿತ್ತು. ಎಡಗಾಲು ಮಾತ್ರ ಅದೇ.’

ದುಬೈ ಕಾಕನ ಕಥೆ ಬೇರೆ. ರೆಕಾರ್ಡ್ ಮಾಡಿದ ರಾತ್ರಿ ಕೋಣೆಯಲ್ಲಿದ್ದ ಹತ್ತು ಹನ್ನೆರಡು ಜನರಲ್ಲಿ ಮೊದಲ ಗೋಲಿಗೆ ಮರಡೋನಾನ ಕೈ ತಾಗಿದ್ದನ್ನು ಒಬ್ಬರೂ ಗಮನಿಸಲಿಲ್ಲವಂತೆ. ಇಂಗ್ಲೆಂಡಿನ ಗೋಲ್‌ಕೀಪರ್ ಶಿಲ್ಟನ್ ಕೈ ಎತ್ತಿ ರೆಫರಿಯ ಕಡೆಗೆ ಓಡಿದ್ದನ್ನು ನೋಡಿ ಆಫ್‌ಸೈಡಿಗೆ ಜಗಳ ಎಂದುಕೊಂಡರಂತೆ. ರೆಫರಿ ಟ್ಯುನೀಷಿಯಾದ ಅಲಿ ಬಿನ್ ನಾಸೆರ್. ಕೈ ಕಾಣದೆ ಗೋಲು ಕೊಟ್ಟ. ‘ಮೂರು ಮಾರು ದೂರದಲ್ಲಿದ್ದವನಿಗೇ ಕಾಣಲಿಲ್ಲ, ದುಬೈಯ ಹದಿನಾಲ್ಕು ಇಂಚಿನ ಟಿ.ವಿ.ಯಲ್ಲಿ ನಮಗೆ ಹೇಗೆ ಕಾಣಬೇಕು?’ ರೆಫರಿ ಅಷ್ಟು ಹತ್ತಿರವೇನೂ ಇರಲಿಲ್ಲ, ಆದರೆ ಆ ವಾದಕ್ಕೆ ನಾನು ಇಳಿಯಲಿಲ್ಲ.

ಮೀನು ವ್ಯಾಪಾರದವರೊಬ್ಬರಿಗೆ ನೆನಪಿರುವುದು 1994ರ ವಿಶ್ವಕಪ್. ಗ್ರೀಸ್ ವಿರುದ್ಧ ಗೋಲು ಹೊಡೆದು ಕ್ಯಾಮೆರಾದ ಮುಂದೆ ಬಂದು ಅರಚಿದ ಆ ಮುಖ. ಆಮೇಲೆ ನೈಜೀರಿಯಾ ವಿರುದ್ಧ ಒಂದು ಆಟ, ನಿಷೇಧಿತ ಮದ್ದು ಎಫೆಡ್ರಿನ್ ಪತ್ತೆಯಾದ ಪರೀಕ್ಷೆ, ಮನೆಗೆ. ‘ಅವನು ತಪ್ಪು ಮಾಡಿದ ಎಂದು ಪೇಪರಿನಲ್ಲಿ ಬಂತು. ಮಾಡಿರಬಹುದು. ನಾನು ಆ ವರ್ಷದ ಫೈನಲ್ ನೋಡಲಿಲ್ಲ.’ ಆಗ ಮರಳಿನಲ್ಲಿ ಬರಿಗಾಲಿನಲ್ಲಿ ಆಡುತ್ತಿದ್ದ ಮಕ್ಕಳಲ್ಲಿ ಎಡಗಾಲಿನವನಾಗಿದ್ದರೆ ಸಾಕು, ಅವನಿಗೆ ಮರಡೋನಾ ಎಂದೇ ಹೆಸರು ಬೀಳುತ್ತಿತ್ತು. ಅಂಥ ಮೂವರು ಮರಡೋನಾಗಳು ಈಗಲೂ ಊರಲ್ಲಿದ್ದಾರೆ. ಇಬ್ಬರು ಬೋಟಿಗೆ ಹೋಗುತ್ತಾರೆ, ಒಬ್ಬರು ಹಲಗೆಯ ಕೈಹಿಡಿ ತಿರುಗಿಸುತ್ತಿದ್ದರು.

ಟೇಪಿನ ಆರಂಭದಲ್ಲಿ ಯಾರೋ ಹಿಂದೆಂದೋ ತುಂಡಾದದ್ದಕ್ಕೆ ಸಾದಾ ಸೆಲೊಟೇಪ್ ಅಂಟಿಸಿದ್ದರು. ಅಂಟು ಕರಗಿ ಸುತ್ತಲಿನ ಪದರಕ್ಕೂ ಹರಡಿತ್ತು. ಅಷ್ಟನ್ನು ಕತ್ತರಿಸಿ ಬಿಸಾಡಿ, ಸ್ಪ್ಲೈಸಿಂಗ್ ಟೇಪಿನಿಂದ, ಅದೂ ಹೆಡ್ಡಿಗೆ ತಾಗದ ಹಿಂಬದಿಯಿಂದ, ಜೋಡಿಸಿದೆ. ಹೋದದ್ದು ಆಟಗಾರರು ಮೈದಾನಕ್ಕೆ ಬರುವ ಕೆಲವು ಸೆಕೆಂಡು.

ಹಂತ 4: ಒಂದು ಗೇಣು ಟೇಪು

ಒರೆಸುವಾಗ ಒಂದು ಜಾಗದಲ್ಲಿ ಬಟ್ಟೆ ತಡೆಯಿತು. ಬೆಳಕಿಗೆ ಹಿಡಿದರೆ ಟೇಪಿನ ಹೊಳಪು ಹೋಗಿ ಮಂಕಾಗಿದೆ, ಅಡ್ಡಡ್ಡ ಸುಕ್ಕು, ಕೆಳ ಅಂಚು ಅಲೆಯಲೆಯಾಗಿದೆ. ಹಿಂದೆ ಮುಂದೆ ಮೀಟರುಗಟ್ಟಲೆ ಟೇಪು ಚೆನ್ನಾಗಿಯೇ ಇದೆ. ಯಾವ ಜಾಗ ಎಂದು ಹೇಳಬೇಕಾಗಿರಲಿಲ್ಲ.

ಈ ಯಂತ್ರದಲ್ಲಿ ಟೇಪು ಸೆಕೆಂಡಿಗೆ 23.39 ಮಿಲಿಮೀಟರ್ ಸಾಗುತ್ತದೆ. ಸ್ವಂತ ಅರ್ಧದಲ್ಲಿ ಸಹ ಆಟಗಾರ ಎನ್ರಿಕೆಯಿಂದ ಚೆಂಡು ಪಡೆದು ಮರಡೋನಾ ಎರಡನೆಯ ಗೋಲು ಹೊಡೆಯುವವರೆಗೆ ಹತ್ತೂವರೆ ಸೆಕೆಂಡಿನಷ್ಟು. ಗುಣಿಸಿದರೆ ಸುಮಾರು 25 ಸೆಂಟಿಮೀಟರ್. ಅವನು ದಾಟಿಹೋದ ಇಂಗ್ಲೆಂಡಿನ ಬಿಯರ್ಡ್‌ಸ್ಲಿ, ರೀಡ್, ಬುಚರ್, ಫೆನ್‌ವಿಕ್, ಶಿಲ್ಟನ್, ಮತ್ತೆ ಹಿಂದಿನಿಂದ ಕಾಲು ಹಾಕಿದ ಬುಚರ್, ಎಡಗಾಲಿನ ಹನ್ನೊಂದು ಸ್ಪರ್ಶ, 2002ರಲ್ಲಿ ಫಿಫಾ ಮತದಾನದಲ್ಲಿ ಶತಮಾನದ ಗೋಲು ಎನಿಸಿಕೊಂಡದ್ದು, ಎಲ್ಲವೂ ಒಂದು ಗೇಣಿಗಿಂತ ತುಸು ಹೆಚ್ಚು ಕಂದು ಪ್ಲಾಸ್ಟಿಕ್ಕಿನಲ್ಲಿದೆ. ಅದನ್ನು ಎಡಗೈಯ ಹೆಬ್ಬೆರಳು ಮತ್ತು ಕಿರುಬೆರಳ ನಡುವೆ ಹಿಡಿದು ನೋಡಿದೆ.

ಸವೆಯಲು ಕಾರಣ ಬೂಷ್ಟಲ್ಲ, ನಾವೇ. ಪಾಸ್ (ಚಿತ್ರವನ್ನು ತಡೆದು ನಿಲ್ಲಿಸುವ ಗುಂಡಿ) ಒತ್ತಿದಾಗ ಟೇಪು ನಿಲ್ಲುತ್ತದೆ, ಡ್ರಮ್ ನಿಲ್ಲುವುದಿಲ್ಲ. ನಿಮಿಷಕ್ಕೆ 1500 ಸುತ್ತಿನಂತೆ ಅದೇ ಜಾಗವನ್ನು ಕೆರೆಯುತ್ತಲೇ ಇರುತ್ತದೆ. ಹಿಂದಕ್ಕೆ ಸುತ್ತಿ, ಮತ್ತೆ ನಿಲ್ಲಿಸಿ, ‘ಈಗ ಕಾಲು ನೋಡು’ ಎಂದು ಬೆರಳಿಟ್ಟು ತೋರಿಸಿದ ಇಪ್ಪತ್ತು ವರ್ಷಗಳ ಅಭಿಮಾನವೆಲ್ಲ ಆ ಗೇಣಿನಲ್ಲಿ ಕೂತಿದೆ. ಕೈಯ ಗೋಲಿನ ಜಾಗದಲ್ಲೂ ಒಂದು ಮಂಕು ಪಟ್ಟಿ ಇದೆ, ಆದರೆ ಇಷ್ಟಿಲ್ಲ. ಊರಿನವರು ಯಾವ ಗೋಲನ್ನು ಹೆಚ್ಚು ಮೆಚ್ಚಿದರು ಎಂಬ ಚರ್ಚೆಗೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಅದರಲ್ಲಿ ನಾಲ್ಕು ಸೆಂಟಿಮೀಟರ್ ತೀರಾ ಮುದುಡಿತ್ತು. 2020ರ ರಾತ್ರಿ ಯಂತ್ರ ಕಚ್ಚಿದ್ದು ಅಲ್ಲಿಯೇ. ಸಾಮಾನ್ಯವಾಗಿ ಅಂಥದ್ದನ್ನು ಕತ್ತರಿಸಿ ಜೋಡಿಸುವುದು ಕ್ಷೇಮ. ಕತ್ತರಿಸಿದ್ದರೆ ಸುಮಾರು ಎರಡು ಸೆಕೆಂಡು ಹೋಗಿ, ಬುಚರ್ ಮತ್ತು ಫೆನ್‌ವಿಕ್ ಇಬ್ಬರೂ ಮಾಯವಾಗುತ್ತಿದ್ದರು. ಕತ್ತರಿ ತೆಗೆದಿಟ್ಟು, ಗಾಜಿನ ತುಂಡಿನ ಮೇಲೆ ಟೇಪನ್ನು ಹಿಂಬದಿ ಮೇಲಾಗಿ ಹಾಸಿ, ಮೇಲೆ ಬಟ್ಟೆ ಹೊದಿಸಿ, ಹೆಬ್ಬೆರಳಿನಿಂದ ಒಂದೇ ದಿಕ್ಕಿಗೆ ನೀವಿದೆ. ಬಿಸಿ ತಾಗಿಸಲಿಲ್ಲ. ಸುಕ್ಕು ಪೂರ್ತಿ ಹೋಗಲಿಲ್ಲ, ಆದರೆ ಟೇಪು ಮಟ್ಟಸವಾಗಿ ಕೂತಿತು. ರೀಲುಗಳನ್ನು ಸ್ವಚ್ಛವಾದ ಬೇರೆ ಚಿಪ್ಪಿಗೆ ಹಾಕಿ ಸ್ಕ್ರೂ ಬಿಗಿದೆ.

ಹಂತ 5: ಇಳಿಸುವುದು

ವಿಸಿಆರಿನಿಂದ ಸಾದಾ ಯುಎಸ್‌ಬಿ ಕ್ಯಾಪ್ಚರ್ ಕಡ್ಡಿಗೆ (ವಿಡಿಯೊವನ್ನು ಕಂಪ್ಯೂಟರಿಗೆ ಕೊಡುವ ಸಣ್ಣ ಸಾಧನ), ಅಲ್ಲಿಂದ ಲ್ಯಾಪ್‌ಟಾಪಿಗೆ. ಮೊದಲ ಪ್ರಯತ್ನ ಹಾಳು. ಸಿಗ್ನಲ್ ಸ್ವಲ್ಪ ಅಲುಗಿದರೂ ಕಡ್ಡಿ ನೀಲಿ ಪರದೆ ತೋರಿಸುತ್ತದೆ, ಫ್ರೇಮುಗಳನ್ನು ನುಂಗುತ್ತದೆ. ಹಾಫ್ ಟೈಮಿನ ಹೊತ್ತಿಗೆ ಕಾಮೆಂಟರಿ ಚಿತ್ರಕ್ಕಿಂತ ಎರಡು ಸೆಕೆಂಡು ಮುಂದೆ ಹೋಗಿತ್ತು. ಚೆಂಡು ಬಲೆಗೆ ಬೀಳುವ ಮೊದಲೇ ಅರಬ್ಬಿಯಲ್ಲಿ ಕೂಗು.

ಪರಿಹಾರ ಮತ್ತೆ ಗುಜರಿಯಲ್ಲೇ ಸಿಕ್ಕಿತು: ಹಳೆಯ ಡಿವಿಡಿ ರೆಕಾರ್ಡರ್. ಅದರಲ್ಲಿ ರೆಕಾರ್ಡ್ ಮಾಡಬೇಕಾಗಿಲ್ಲ. ವಿಸಿಆರ್ ಮತ್ತು ಕಡ್ಡಿಯ ನಡುವೆ ಸುಮ್ಮನೆ ಹಾಯಿಸಿದರೆ ಅಲುಗುವ ಸಿಗ್ನಲ್ ನೆಟ್ಟಗಾಗುತ್ತದೆ. ಎಲ್ಲ ಮಾದರಿಗಳೂ ಈ ಉಪಕಾರ ಮಾಡುವುದಿಲ್ಲ, ನೋಡಿ ಕೊಳ್ಳಬೇಕು. ಹಿನ್ನೆಲೆಯ ಗುಂಯ್ ಸದ್ದು ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತ ತಕ್ಷಣ ಹೋಯಿತು. 720×576 ಅಳತೆ, ಸೆಕೆಂಡಿಗೆ 25 ಫ್ರೇಮು, ಸಂಕುಚಿತಗೊಳಿಸುವಾಗ ಏನೂ ಕಳೆದುಹೋಗದ ಮಾದರಿ. ಗಂಟೆಗೆ ಮೂವತ್ತು ಜಿಬಿಗೂ ಹೆಚ್ಚು ಜಾಗ ಬೇಕಾಯಿತು.

ಓಡುವಾಗ ಮೈದಾನದ ನಡುವೆ ಜೇಡದ ಆಕಾರದ ಕಪ್ಪು ಕಲೆ ಕಾಣಿಸಿತು. ಬೂಷ್ಟು ಉಳಿದಿದೆ ಎಂದು ಚಿತ್ರ ಸರಿಹೊಂದಿಸುವ ಟ್ರ್ಯಾಕಿಂಗ್ ತಿರುಗಿಸಿದೆ, ನಿಲ್ಲಿಸಿ ಹೆಡ್ ಒರೆಸಿದೆ, ಏನೂ ವ್ಯತ್ಯಾಸವಿಲ್ಲ. ‘ಅದು ಮೊದಲಿನಿಂದಲೂ ಇದೆ, ಅದಕ್ಕೇ ವಿಸಿಆರಿಗೆ ಎಷ್ಟೋ ಸಲ ಬಡಿದಿದ್ದೇವೆ’ ಎಂದರು ದುಬೈ ಕಾಕ. ಕ್ಯಾಮೆರಾ ತಿರುಗಿದಂತೆ ಕಲೆ ಪರದೆಗೆ ಅಂಟಿಕೊಳ್ಳದೆ ಹುಲ್ಲಿನ ಮೇಲೆ ಉಳಿಯಿತು. ಮೈದಾನದ ಮೇಲೆ ತಂತಿಗಳಿಂದ ತೂಗುಬಿಟ್ಟ ಧ್ವನಿವರ್ಧಕಗಳ ನೆರಳು ಅದು, ನಡುಮಧ್ಯಾಹ್ನದ ಬಿಸಿಲಿಗೆ ನೇರ ಕೆಳಗೆ ಬಿದ್ದದ್ದು. ಇಷ್ಟು ವರ್ಷ ವಿಸಿಆರ್ ಸುಮ್ಮನೆ ಪೆಟ್ಟು ತಿಂದಿತ್ತು.

ಆ ಗೇಣು ಬಂದಾಗ ಕೋಣೆಯಲ್ಲಿ ಎಲ್ಲರೂ ಉಸಿರು ಹಿಡಿದರು. ಬಿಳಿ ಗೆರೆಗಳ ಸುರಿಮಳೆ, ಫೆನ್‌ವಿಕ್ ಹತ್ತಿರ ಚಿತ್ರ ಒಮ್ಮೆ ಮುರಿಯಿತು, ಮತ್ತೆ ಕೂಡಿಕೊಂಡಿತು. ಅದೇ ಜಾಗವನ್ನು ಬೇರೆ ಬೇರೆ ಟ್ರ್ಯಾಕಿಂಗಿನಲ್ಲಿ ಕೆಲವು ಸಲ ಇಳಿಸಿ, ಪ್ರತಿ ಫ್ರೇಮಿಗೂ ಚೆನ್ನಾಗಿ ಬಂದದ್ದನ್ನು ಆರಿಸಿ ಜೋಡಿಸಿದೆ. ಪಾಸ್ ಮಾತ್ರ ಯಾರಿಗೂ ಒತ್ತಲು ಬಿಡಲಿಲ್ಲ.

ಹಂತ 6: ಬಣ್ಣ

ಅರ್ಜೆಂಟೀನಾದ ಅಂಗಿ ನೇರಳೆಗೆ ತಿರುಗಿತ್ತು. ಇಂಗ್ಲೆಂಡಿನ ಬಿಳಿ ಅಂಗಿಯನ್ನು ಅಳತೆಗೋಲಾಗಿ ಇಟ್ಟುಕೊಂಡು ಬಣ್ಣ ಸರಿಪಡಿಸಿದೆ. ಆಗ ಕಡು ನೀಲಿ ಬಂತು, ಗೋಲಿ ಕಾಕ ಕೋಪಗೊಂಡರು. ಅವರ ನೆನಪಿನಲ್ಲಿ ಆ ಗೋಲು ಬಾನಿನ ನೀಲಿ, ಬಿಳಿ ಪಟ್ಟೆಯ ಅಂಗಿಯಲ್ಲಿ. ನಿಜ ಸಂಗತಿ ಎಂದರೆ ತಂಡದ ನೀಲಿ ಅಂಗಿ ಸೆಕೆಗೆ ಭಾರವಾಯಿತೆಂದು ಮೆಕ್ಸಿಕೊ ಸಿಟಿಯ ಅಂಗಡಿಯಿಂದಲೇ ಹಗುರವಾದದ್ದನ್ನು ತರಿಸಿ, ಲಾಂಛನ ಹೊಲಿಸಿ, ಬೆಳ್ಳಿ ಬಣ್ಣದ ಅಂಕಿಗಳನ್ನು ಇಸ್ತ್ರಿ ಹಾಕಿ ಅಂಟಿಸಿದ್ದರು. ಬಣ್ಣ ಸರಿಯಾದ ಮೇಲೆ ಬೆನ್ನಿನ 10 ಹೊಳೆಯುವುದು ಕಾಣುತ್ತದೆ. ಆಟ ಮುಗಿದ ಮೇಲೆ ಇಂಗ್ಲೆಂಡಿನ ಸ್ಟೀವ್ ಹಾಜ್ ಬದಲಾಯಿಸಿಕೊಂಡ ಆ ಅಂಗಿ 2022ರ ಮೇ ತಿಂಗಳಲ್ಲಿ ಹರಾಜಿನಲ್ಲಿ 71 ಲಕ್ಷ ಪೌಂಡಿಗೂ ಹೆಚ್ಚು ಬೆಲೆಗೆ ಹೋಯಿತು.

ಹಂತ 7: ಮದುವೆ

ಎಪ್ಪತ್ತೈದನೇ ನಿಮಿಷ ದಾಟಿದೆ, ಬದಲಿ ಆಟಗಾರನಾಗಿ ಬಂದ ಇಂಗ್ಲೆಂಡಿನ ಜಾನ್ ಬಾರ್ನ್ಸ್ ಎಡ ಅಂಚಿನಲ್ಲಿ ಚೆಂಡು ಹಿಡಿದು ಓಡುತ್ತಿದ್ದಾನೆ. ಪರದೆ ಒಮ್ಮೆ ಹಾರಿ, ಮದುಮಗಳು, ಬಿರಿಯಾನಿ ಚೆಂಬು, ಕ್ಯಾಮೆರಾ ನೋಡಿ ನಿಂತ ಸಾಲು ಸಾಲು ನೆಂಟರು. ‘ಅಳಿಸಬಾರದು’ ಎಂಬುದನ್ನು ಯಾರೋ ಓದಿರಲಿಲ್ಲ.

ಇದು ಹಿರಿಯರಿಗೆ ಗೊತ್ತಿದ್ದದ್ದೇ. ನನ್ನ ವಯಸ್ಸಿನವರಿಗೆ ಇದರಿಂದಾದ ಅನಾಹುತ ಬೇರೆ. 81ನೇ ನಿಮಿಷದಲ್ಲಿ ಬಾರ್ನ್ಸ್ ಕೊಟ್ಟ ಕ್ರಾಸಿಗೆ ಲಿನೇಕರ್ ತಲೆ ಕೊಟ್ಟು ಹೊಡೆದ ಗೋಲು ನಮ್ಮ ಟೇಪಿನಲ್ಲಿ ಇಲ್ಲ. ಆ ಆಟ 2–0ಯಲ್ಲಿ ಮುಗಿಯಿತು ಎಂದೇ ನಾವು ಬೆಳೆದೆವು. ಪತ್ರಿಕೆಯಲ್ಲಿ 2–1 ಎಂದು ಓದಿದಾಗ ಮುದ್ರಣ ದೋಷ ಎಂದು ಜಗಳ ಮಾಡಿದವರಿದ್ದಾರೆ.

ಮದುವೆಯ ಭಾಗವನ್ನು ಬೇರೆ ಫೈಲ್ ಮಾಡಿ, ಪೆನ್‌ಡ್ರೈವಿಗೆ ಹಾಕಿ ಮದುಮಗಳಿಗೆ ತಲುಪಿಸಿದೆವು. ಅವರಿಗೆ ಈಗ ಮೊಮ್ಮಕ್ಕಳು.

ಖರ್ಚು

ಆಲ್ಕೊಹಾಲ್ 350, ಸಿಲಿಕಾ ಜೆಲ್ 300, ಬಟ್ಟೆ-ಮಾಸ್ಕ್-ಕೈಗವಸು 400, ಗುಜರಿ ಕ್ಯಾಸೆಟ್ಟುಗಳು 100, ವಿಸಿಆರಿಗೆ ಒ-ರಿಂಗ್, ಬೆಲ್ಟ್, ಕ್ಯಾಪಾಸಿಟರ್, ಕ್ಲೀನರ್ ಸೇರಿ 405, ಸ್ಪ್ಲೈಸಿಂಗ್ ಟೇಪ್ 650, ಕ್ಯಾಪ್ಚರ್ ಕಡ್ಡಿ 850, ಡಿವಿಡಿ ರೆಕಾರ್ಡರ್ 700, ಹಾರ್ಡ್ ಡಿಸ್ಕ್ 4,800. ಒಟ್ಟು 8,555 ರೂಪಾಯಿ. ಹಾರ್ಡ್ ಡಿಸ್ಕಿಗೆ ಅರ್ಧಕ್ಕಿಂತ ಹೆಚ್ಚು ಹೋಯಿತು, ಆದರೆ ಒಂದೇ ಪ್ರತಿ ಇಟ್ಟುಕೊಂಡರೆ ಮಾಡಿದ ಕೆಲಸವೆಲ್ಲ ನೀರುಪಾಲು.

ಲಿನೇಕರನ ಗೋಲನ್ನು ಬೇರೆ ಕಡೆಯಿಂದ ತಂದು ಅಂಟಿಸಬೇಕೇ ಎಂದು ಸಂಘದಲ್ಲಿ ಚರ್ಚೆಯಾಯಿತು. ಕಿರಿಯರು ಬೇಕೆಂದರು, ಹಿರಿಯರು ಸುತರಾಂ ಒಪ್ಪಲಿಲ್ಲ. ಕೊನೆಗೆ ಫೈಲು ಇದ್ದಂತೆಯೇ ಇರಲಿ, ಜೂನ್ 22ರ ಪ್ರದರ್ಶನದ ಫ್ಲೆಕ್ಸಿನಲ್ಲಿ ಮಾತ್ರ 2–1 ಎಂದು ಹಾಕಿಸೋಣ ಎಂದಾಯಿತು. ಫ್ಲೆಕ್ಸ್ ಬಂದಿದೆ. ಪ್ರೊಜೆಕ್ಟರ್ ಬಾಡಿಗೆ ಮಾತಾಡಬೇಕು, ಆ ಹೊತ್ತಿಗೆ ಮಳೆ ಜೋರಿರುವುದರಿಂದ ಅಂಗಳಕ್ಕೆ ಶೀಟು ಹಾಕಿಸಬೇಕು.